ಹೂಂ ಅಂದ ಬೆರಳು

ಭಾವನಿಗೆ ಕಥೆ ಹೇಳುವ ಚಟ. ಲಾರಿ ಓಡಿಸುವುದನ್ನು ಬಿಟ್ಟ ಮೇಲೆ ಕೈಕಾಲಿಗೆ ಸಿಕ್ಕ ವಿಶ್ರಾಂತಿ ಅವರ ಬಾಯಿಗೆ ಮಾತ್ರ ಸಿಕ್ಕಿರಲಿಲ್ಲ. ಕೇಳುವವರು ನಡುನಡುವೆ ಹೂಂ ಅನ್ನುತ್ತಿರಬೇಕು. ಹೂಂ ನಿಂತರೆ ಕಥೆ ನಿಲ್ಲುತ್ತದೆ, ನಿಂತು ಮುಖ ದಪ್ಪ ಮಾಡಿಕೊಳ್ಳುತ್ತದೆ, ಆಮೇಲೆ ಮೊದಲಿನಿಂದ ಶುರುವಾಗುತ್ತದೆ. ಹೀಗಾಗಿ ಆ ಮನೆಯಲ್ಲಿ ಯಾರ ಕಿವಿ ಎಲ್ಲೇ ಇರಲಿ, ಬಾಯಲ್ಲಿ ಒಂದು ಹೂಂ ಸದಾ ತಯಾರಿರುತ್ತಿತ್ತು. ಗುಬ್ಬಿಯಂತೂ ಹೂಂಗುಟ್ಟುವುದರಲ್ಲಿ ಪಳಗಿದ ಕೈ. ಅಪ್ಪ ಅಮ್ಮ ಹೋದ ಮೇಲೆ ಅವಳು ಬೆಳೆದದ್ದೇ ಅಕ್ಕನ ಮನೆಯಲ್ಲಿ, ಭಾವನ ಕಥೆಗಳ ನಡುವೆ. ಗುಬ್ಬಿ ಎಂಬ ಅಡ್ಡಹೆಸರೂ ಭಾವನದೇ. ಕೋಳಿಮರಿ ಮಾಡುವ ಮನೆಯಲ್ಲಿ ಒಂದಾದರೂ ಬೇರೆ ಹಕ್ಕಿ ಇರಲಿ ಎಂದು ಇಟ್ಟರಂತೆ.

ಅಕ್ಕನದು ಮರಿ ಮಾಡಿಸಿ ಮಾರುವ ಕೆಲಸ. ಮನೆಯ ಹಿಂದಿನ ಉದ್ದನೆಯ ಕೋಣೆಯಲ್ಲಿ ಬೀರುವಿನಷ್ಟು ಎತ್ತರದ ಕಾವುಪೆಟ್ಟಿಗೆ ನಿಂತಿತ್ತು. ಒಳಗೆ ಒಂದರ ಮೇಲೊಂದು ತಟ್ಟೆಗಳು, ತಟ್ಟೆ ತುಂಬ ಮೊಟ್ಟೆ, ಹಿಂಬದಿಯಲ್ಲಿ ಒಂದು ಫ್ಯಾನು, ಅದರ ಕೆಳಗೆ ಬಿಸಿ ಮಾಡುವ ತಂತಿಯ ಸುರುಳಿ. ಪಕ್ಕದ ಗೋಡೆಗೆ ಅಂಗೈಯಗಲದ ಒಂದು ಕಂಪ್ಯೂಟರು, ಅದಕ್ಕೊಂದು ಹಳೇ ಪರದೆ. ಬಿಸಿ ಎಷ್ಟಿರಬೇಕು, ತೇವ ಎಷ್ಟಿರಬೇಕು, ತಟ್ಟೆಗಳನ್ನು ಯಾವಾಗ ವಾಲಿಸಬೇಕು ಎಂಬುದನ್ನೆಲ್ಲ ನೋಡಿಕೊಳ್ಳುವುದು ಅದರೊಳಗಿನ ಒಂದು ಪ್ರೋಗ್ರಾಮು. ಕಾಲೇಜಿನ ಕೊನೆಯ ವರ್ಷದಲ್ಲಿ ಅದನ್ನು ಬರೆದವಳು ಗುಬ್ಬಿ. ಹೆಸರಿಟ್ಟವಳು ಅಕ್ಕ. ತಾಯಿಕೋಳಿ.

ಆ ಸಲ ಪೆಟ್ಟಿಗೆಯಲ್ಲಿದ್ದ ಮೊಟ್ಟೆಗಳು ಪ್ರತಿ ಸಲದಂಥವಲ್ಲ. ಕೆಂಪು ಕತ್ತಿನ, ಗಿಡ್ಡ ಕಾಲಿನ ಒಂದು ತಳಿಯನ್ನು ಅಕ್ಕ ವರ್ಷಗಟ್ಟಲೆ ಆರಿಸಿ ಆರಿಸಿ, ಕೂಡಿಸಿ ಕಳೆದು, ತನ್ನ ಕೈಯಾರೆ ಕಟ್ಟಿದ್ದಳು. ಆ ತಳಿಯ ಕೋಳಿ ಬೇರೆ ಯಾರ ಹತ್ತಿರವೂ ಇರಲಿಲ್ಲ. ಹಿಂದಿನ ವಾರ ಬೀದಿನಾಯಿಗಳು ಬಲೆ ಹರಿದು ಒಳಗೆ ನುಗ್ಗಿ ಒಂದನ್ನೂ ಬಿಡದೆ ಮುಗಿಸಿದ್ದವು. ಹೇಂಟೆಗಳೂ ಹೋದವು, ಹುಂಜವೂ ಹೋಯಿತು. ಉಳಿದದ್ದು ಅದಕ್ಕೂ ಮೊದಲೇ ಕಾವಿಗಿಟ್ಟಿದ್ದ ಈ ಮೊಟ್ಟೆಗಳು ಮಾತ್ರ. ಇವು ಮರಿಯಾದರೆ ತಳಿ ಉಳಿಯಿತು, ಇಲ್ಲದಿದ್ದರೆ ಅಕ್ಕನ ಅಷ್ಟೂ ವರ್ಷದ ದುಡಿಮೆ ನೀರುಪಾಲು.

ಅಕ್ಕನ ಕಣ್ಣಿನ ಆಪರೇಷನ್ನಿಗೆ ದಿನ ಗೊತ್ತಾಗಿದ್ದೂ ಅದೇ ಹೊತ್ತಿಗೆ. ಅವಳು ಎರಡು ಸಲ ಮುಂದೂಡಿದ್ದಳು. ಮೂರನೇ ಸಲ ಡಾಕ್ಟರು, ಇನ್ನು ತಡವಾದರೆ ನಾನು ಜವಾಬ್ದಾರನಲ್ಲ ಎಂದುಬಿಟ್ಟರು. ಅಕ್ಕ ಆಸ್ಪತ್ರೆಯ ಹತ್ತಿರವೇ ಇದ್ದ ನಾದಿನಿಯ ಮನೆಯಲ್ಲಿ ಕೆಲವು ದಿನ ಉಳಿಯುವುದೆಂದಾಯಿತು. ಗುಬ್ಬಿ ಒಂದು ರಟ್ಟಿನ ಪೆಟ್ಟಿಗೆಯ ಕಾರ್ಖಾನೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು. ರಜೆ ಹಾಕಿ ಬಂದಳು.

ಹೊರಡುವಾಗ ಬಾಗಿಲಲ್ಲಿ ನಿಂತು ಅಕ್ಕ ಹೇಳಿದಳು, "ನೀರಿನ ತಟ್ಟೆ ಬತ್ತದ ಹಾಗೆ ನೋಡ್ಕೋ. ಪರದೆ ಮೇಲೆ ಒಂದು ಕಣ್ಣಿಡು. ಬೇರೆ ಏನೂ ಮುಟ್ಟಬೇಡ."

"ಹೂಂ."

"ನಿನ್ನ ಭಾವನಿಗೆ ಅನ್ನೋ ಹೂಂ ನನಗೆ ಬೇಡ. ಕೇಳಿಸ್ಕೊಂಡು ಹೇಳು."

"ಕೇಳಿಸ್ತು ಅಕ್ಕ. ಏನೂ ಮುಟ್ಟಲ್ಲ."

ಆಪರೇಷನ್ ಸುಸೂತ್ರವಾಗಿ ಆಯಿತು. ಆದರೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ ಅಕ್ಕನಿಗೆ ಉಳಿದಿದ್ದ ಕೆಲಸ ಒಂದೇ, ಫೋನು ಮಾಡುವುದು. ಬಿಸಿ ಎಷ್ಟಿದೆ, ತೇವ ಎಷ್ಟಿದೆ, ತಟ್ಟೆ ವಾಲ್ತಾ ಇದೆಯಾ, ಫ್ಯಾನಿನ ಸದ್ದು ಒಂದೇ ಸಮ ಇದೆಯಾ, ಫೋನನ್ನ ಅದರ ಹತ್ತಿರ ಹಿಡಿ, ನಾನೇ ಕೇಳ್ತೀನಿ. ಗುಬ್ಬಿ ಅರ್ಧ ಊಟದಿಂದ ಎದ್ದು ಹೋಗಿ ಫೋನನ್ನು ಪೆಟ್ಟಿಗೆಗೆ ಹಿಡಿಯುತ್ತಿದ್ದಳು. ಅಕ್ಕನಿಗೆ ಆ ಗುಂಯ್ ಸದ್ದು ಕೇಳಿದರೆ ಆಮೇಲೆ ಸ್ವಲ್ಪ ನಿದ್ದೆ ಬರುತ್ತಿತ್ತಂತೆ.

ಆಗ ಗುಬ್ಬಿಗೆ ಹೊಳೆದ ಉಪಾಯ ಒಳ್ಳೆಯದೇ ಆಗಿತ್ತು. ಕೆಟ್ಟ ಉಪಾಯವಾಗಿದ್ದರೆ ಅವಳು ಆಗಲೇ ಎಚ್ಚರವಾಗುತ್ತಿದ್ದಳೋ ಏನೋ. ಪೆಟ್ಟಿಗೆಯ ಬಿಸಿ ತೇವಗಳನ್ನು ಫೋನಿನಲ್ಲೇ ತೋರಿಸುವ ಒಂದು ಸಣ್ಣ ಪುಟ ಮಾಡಿಕೊಟ್ಟರೆ ಅಕ್ಕ ಉಳಿದ ಕಣ್ಣಿನಿಂದ ನೋಡಿಕೊಂಡು ನೆಮ್ಮದಿಯಾಗಿ ಇದ್ದಾಳು. ಅದಕ್ಕೆ ಬೇಕಾದದ್ದು ಒಂದೇ ಒಂದು ಪ್ಯಾಕೇಜು, ಅಂದರೆ ಯಾರೋ ಬರೆದು ಕಟ್ಟಿಟ್ಟ ಪ್ರೋಗ್ರಾಮು. ಒಂದು ಪ್ಯಾಕೇಜು ಹಾಕುವುದು ಮುಟ್ಟಿದ ಹಾಗೆ ಆಗುತ್ತದೆಯೇ? ಆಗುವುದಿಲ್ಲ ಎಂದು ಗುಬ್ಬಿ ತನಗೆ ತಾನೇ ತೀರ್ಪು ಕೊಟ್ಟುಕೊಂಡಳು.

ಈ ಕಂಪ್ಯೂಟರಿನಂಥ ಲಿನಕ್ಸ್ ಯಂತ್ರದಲ್ಲಿ ಪ್ಯಾಕೇಜ್ ಮ್ಯಾನೇಜರ್ ಎಂಬುವನು ಒಬ್ಬ ಇರುತ್ತಾನೆ. ಉಗ್ರಾಣ ಕಾಯುವವನಿದ್ದ ಹಾಗೆ. ಒಂದು ಸಾಮಾನು ಬೇಕು ಎಂದರೆ ಸುಮ್ಮನೆ ತಂದುಕೊಡುವ ಪೈಕಿ ಅಲ್ಲ. ಇದು ಬೇಕಾದರೆ ಅದೂ ಬೇಕು, ಅದು ಬರಬೇಕಾದರೆ ಇನ್ನೊಂದು ಹೊಸದಾಗಬೇಕು, ಹೊಸದು ಬಂದರೆ ಹಳೆಯದರ ಮೇಲೆ ನಿಂತಿರುವ ಇಂಥಿಂಥವು ಹೋಗಬೇಕು ಎಂದು ಉದ್ದಕ್ಕೆ ಪಟ್ಟಿ ಓದುತ್ತಾನೆ. ಓದಿ ಕೊನೆಗೆ, ಮುಂದುವರಿಯಲೇ ಎಂದು ಕೇಳುತ್ತಾನೆ. ಏನೂ ಬರೆಯದೆ ಎಂಟರ್ ಒತ್ತಿದರೆ ಹೌದು ಎಂದೇ ಅರ್ಥ. ಇಷ್ಟು ಪ್ರಾಮಾಣಿಕ ಮನುಷ್ಯ ಹೊರಗೆ ಎಲ್ಲಿ ಹುಡುಕಿದರೂ ಸಿಗಲಾರ. ಅವನು ಹೇಳಿದ್ದನ್ನು ಕೇಳಿಸಿಕೊಳ್ಳುವವರು ಬೇಕಲ್ಲ, ಅಷ್ಟೆ.

ಬೆಳಗಿನ ತಿಂಡಿ ಮುಗಿಸಿ ಗುಬ್ಬಿ ಕೀಲಿಮಣೆ ಮಡಿಲಲ್ಲಿಟ್ಟುಕೊಂಡು ಪರದೆಯ ಮುಂದೆ ಕೂತಳು. ಯಂತ್ರದಲ್ಲಿ ಜಾಗ ಕಡಿಮೆಯಿತ್ತು. ಮೊದಲು ಹಳೆಯ ಪ್ಯಾಕೇಜುಗಳ ಕಡತಗಳನ್ನೆಲ್ಲ ಅಳಿಸಿದಳು. ಬ್ಯಾಕಪ್ ತೆಗೆದಿಡಬೇಕು ಎಂದು ನೆನಪಾಯಿತು. ಪೆನ್ ಡ್ರೈವ್ ಕಾರ್ಖಾನೆಯ ಮೇಜಿನ ಖಾನೆಯಲ್ಲಿತ್ತು. ಕಾರ್ಖಾನೆಯಲ್ಲಿ ಬ್ಯಾಕಪ್ ಇಲ್ಲದೆ ಯಂತ್ರ ಮುಟ್ಟಿದವರಿಗೆ ಗಂಟೆಗಟ್ಟಲೆ ನೀತಿ ಹೇಳುವವಳು ಅವಳೇ. ಒಂದು ಸಣ್ಣ ಪ್ಯಾಕೇಜು ತಾನೆ ಎಂದುಕೊಂಡು ಮುಂದೆ ಹೋದಳು.

ಅಷ್ಟರಲ್ಲಿ ಭಾವ ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. "ಗುಬ್ಬಿ, ನಾನೊಂದ್ಸಲ ಘಾಟಿ ಇಳೀತಿದ್ದಾಗ ಬ್ರೇಕು ಹೋಯ್ತಲ್ಲ, ಆ ಕಥೆ ಹೇಳಿದೀನಾ ನಿನಗೆ?"

"ಹೇಳಿದೀರ ಭಾವ."

"ಪೂರ್ತಿ ಹೇಳಿರಲಿಲ್ಲ. ಹಿಂದಿನಿಂದ ಲೋಡು ತಳ್ತಿದೆ, ಗಾಡಿ ನನ್ನ ಮಾತು ಕೇಳ್ತಿಲ್ಲ…"

"ಹೂಂ."

"ಪಕ್ಕದಲ್ಲಿ ಕೂತಿದ್ದ ಕ್ಲೀನರಿಗೆ ಇದೇನೂ ಗೊತ್ತಿಲ್ಲ. ಕಡಲೆಕಾಯಿ ಬಿಡಿಸ್ತಾ ಕೂತಿದಾನೆ."

"ಹೂಂ."

ಪರದೆಯ ಮೇಲೆ ಉಗ್ರಾಣದವನ ಪಟ್ಟಿ ಇಳಿಯತೊಡಗಿತು. ಹೊಸದಾಗಿ ಬರುವವು ಇಷ್ಟು, ಮೇಲ್ದರ್ಜೆಗೆ ಏರುವವು ಇಷ್ಟು. ಗುಬ್ಬಿಯ ಕಣ್ಣು ಮೊದಲ ಸಾಲುಗಳ ಮೇಲೆ ಹರಿದಾಡಿತು. ಹೆಸರುಗಳೆಲ್ಲ ಪರಿಚಿತವೇ. ಪಟ್ಟಿ ನಿಂತಿತು, ಪ್ರಶ್ನೆ ಬಂತು.

"ಎದುರಿಗೆ ತಿರುವು. ಈಗ ನಾನೇನು ಮಾಡ್ದೆ ಹೇಳು. ಗುಬ್ಬಿ, ಕೇಳ್ತಿದ್ದೀಯಾ?"

"ಹೂಂ," ಎಂದಳು ಗುಬ್ಬಿ. ಬಾಯಿ ಭಾವನಿಗೆ ಹೂಂ ಅಂದಿತು, ಬೆರಳು ಯಂತ್ರಕ್ಕೆ ಹೂಂ ಅಂದಿತು.

ಸಾಲುಗಳು ಓಡತೊಡಗಿದವು. ಓಡುತ್ತಿರುವಾಗಲೇ ಒಂದು ಸಾಲು ಅವಳ ಕಣ್ಣಿಗೆ ಬಿತ್ತು. ತಾಯಿಕೋಳಿಯನ್ನು ತೆಗೆದುಹಾಕಲಾಗುತ್ತಿದೆ. ಅವಳಿಗೆ ಓದಿದ್ದು ಅರ್ಥವಾಗುವ ಮೊದಲೇ ಹಿಂದಿನ ಗುಂಯ್ ಸದ್ದು ಕುಗ್ಗಿ, ಸಣ್ಣಗೆ ಕೊರಗಿ, ನಿಂತೇಹೋಯಿತು.

ಆ ಕೋಣೆ ಅಷ್ಟು ಮೌನವಾಗಿದ್ದನ್ನು ಗುಬ್ಬಿ ಯಾವತ್ತೂ ಕೇಳಿರಲಿಲ್ಲ. ಭಾವನ ಲಾರಿಯೂ ತಿರುವಿನಲ್ಲೇ ನಿಂತಿತು.

"ಏನಾಯ್ತು? ಕರೆಂಟು ಹೋಯ್ತಾ?"

ಕರೆಂಟು ಇತ್ತು. ತಾಯಿಕೋಳಿ ಇರಲಿಲ್ಲ. ಹೊಸ ಪುಟದ ಪ್ಯಾಕೇಜಿಗೆ ಒಂದು ಲೈಬ್ರರಿಯ, ಅಂದರೆ ಬೇರೆ ಪ್ರೋಗ್ರಾಮುಗಳು ಆತುಕೊಂಡು ನಿಲ್ಲುವ ಕಡತದ, ಹೊಸ ಆವೃತ್ತಿ ಬೇಕಾಗಿತ್ತು. ತಾಯಿಕೋಳಿ ಅದೇ ಲೈಬ್ರರಿಯ ಹಳೆಯ ಆವೃತ್ತಿಯನ್ನು ನಂಬಿಕೊಂಡಿತ್ತು. ಎರಡೂ ಒಟ್ಟಿಗೆ ಇರುವಂತಿಲ್ಲ. ಒಂದನ್ನು ಕಳಿಸಲೇ ಎಂದು ಉಗ್ರಾಣದವನು ಕೇಳಿದ್ದ, ಇವಳು ಕಳಿಸು ಅಂದಿದ್ದಳು. ಪ್ರೋಗ್ರಾಮು ನಿಂತರೆ ಬೆಂಕಿಗಿಂಕಿ ಆಗದಿರಲಿ ಎಂದು ಬಿಸಿಯನ್ನೂ ಫ್ಯಾನನ್ನೂ ಆರಿಸಿಯೇ ನಿಲ್ಲಬೇಕೆಂದು ಬರೆದಿಟ್ಟವಳೂ ಇವಳೇ. ಕೂಗಿ ಹೇಳುವ ಅಲಾರಮ್ಮು ಕೂಡ ತಾಯಿಕೋಳಿಯ ಜೊತೆಯಲ್ಲೇ ಹೋಗಿತ್ತು.

ಗುಬ್ಬಿ ಅಂತರ್ಜಾಲದ ಉಗ್ರಾಣದಲ್ಲಿ ಹಳೆಯ ಆವೃತ್ತಿಯನ್ನು ಹುಡುಕಿದಳು. ಅಲ್ಲಿ ಹೊಸದು ಬಿಟ್ಟರೆ ಬೇರೇನೂ ಇಡುವುದಿಲ್ಲ. ಯಂತ್ರದ ಒಳಗೇ ಇದ್ದಿರಬಹುದಾದ ಹಳೆಯ ಕಡತವನ್ನು ಜಾಗ ಮಾಡಲೆಂದು ತಾನೇ ಆಗಷ್ಟೇ ಗುಡಿಸಿ ಹಾಕಿದ್ದಳು. ತಾಯಿಕೋಳಿಯನ್ನು ಬರೆದಿದ್ದ ಹಳೇ ಲ್ಯಾಪ್‌ಟಾಪು ಎಂದೋ ಗುಜರಿ ಸೇರಿತ್ತು. ಒಂದೊಂದು ಬಾಗಿಲು ತಟ್ಟಿದಾಗಲೂ ಅದು ಮುಚ್ಚಿದ್ದು ತನ್ನ ಕೈಯಿಂದಲೇ ಎಂದು ಗೊತ್ತಾಗುತ್ತ ಹೋಯಿತು. ಅಕ್ಕನ ಮುಖ ಕಣ್ಣಮುಂದೆ ಬಂದು ನಿಂತಿತು, ಪಟ್ಟಿ ಕಟ್ಟಿದ ಕಣ್ಣಿನ ಸಮೇತ.

ಅಷ್ಟರಲ್ಲೇ ಫೋನು ಬಂತು.

"ಅಕ್ಕಂದೇ," ಎಂದರು ಭಾವ, ಫೋನನ್ನು ಬಿಸಿ ಪಾತ್ರೆಯಂತೆ ಎರಡು ಬೆರಳಲ್ಲಿ ಹಿಡಿದು. "ಹೇಳಬೇಡ. ಡಾಕ್ಟರು ಅವಳಿಗೆ ಗಾಬರಿ ಮಾಡ್ಬೇಡಿ ಅಂದಿದಾರೆ."

ಗುಬ್ಬಿ ಫೋನು ತೆಗೆದುಕೊಂಡಳು.

"ಎಲ್ಲಾ ಸರಿಯಿದೆಯಾ?" ಅಂದಳು ಅಕ್ಕ.

"ಹೂಂ."

"ಬಿಸಿ?"

"ಹೂಂ, ಇದೆ."

"ಗುಬ್ಬಿ, ಎಲ್ಲಿದ್ದೀಯ ನೀನು?"

"ಹಿಂದಿನ ಕೋಣೇಲಿ."

"ಹಿಂದಿನ ಕೋಣೇಲಿದ್ದರೆ ಫ್ಯಾನಿನ ಸದ್ದು ಯಾಕಿಲ್ಲ?"

ಹೂಂ ಎನ್ನಲು ಬಾಯಿ ತೆರೆಯಿತು, ಹೊರಡಲಿಲ್ಲ. ಗುಬ್ಬಿ ಹೇಳಿಬಿಟ್ಟಳು. ಪುಟ, ಪ್ಯಾಕೇಜು, ಲೈಬ್ರರಿ, ಎಲ್ಲವೂ ಅಡ್ಡಾದಿಡ್ಡಿಯಾಗಿ ಬಂದವು. ಕೊನೆಗೆ, "ಅಕ್ಕ, ನೀನು ಮುಟ್ಟಬೇಡ ಅಂದಿದ್ದೆ. ನಾನು ಮುಟ್ಟಿದೆ," ಎಂದಳು.

ಅಕ್ಕ ಬಯ್ಯಲಿಲ್ಲ. ಬೈದಿದ್ದರೆ ಗುಬ್ಬಿಗೆ ಎಷ್ಟೋ ಹಗುರವಾಗುತ್ತಿತ್ತು.

"ನನಗೆ ಬಗ್ಗಬಾರದು, ಅಳಬಾರದು ಅಂದಿದಾರೆ," ಎಂದಳು ಅಕ್ಕ. "ಅಳಿಸಬೇಡ ನನ್ನ. ಹೇಳೋದನ್ನ ಕೇಳು. ಒಳಗಿರೋ ಮರಿಗಳು ಈಗ ಮೈ ತುಂಬ್ಕೊಂಡಿವೆ, ಅವಕ್ಕೇ ಸ್ವಂತ ಬಿಸಿ ಇದೆ. ಗಾಳಿ ಆಡದೇ ಇದ್ರೆ ಮೇಲಿನ ತಟ್ಟೆಯವು ಬೇಯ್ತವೆ, ಕೆಳಗಿನವು ಆರ್ತವೆ. ನಿಮ್ಮ ಭಾವನಿಗೆ ರಟ್ಟು ಹಿಡಿದು ಬೀಸಕ್ಕೆ ಹೇಳು, ಬಾಗಿಲು ನಾಲ್ಕು ಬೆರಳು ಮಾತ್ರ ತೆಗೆದು. ಕೆಳಗೆ ಬಿಸಿನೀರಿನ ಪಾತ್ರೆ ಇಡು, ಮುಚ್ಚಳ ಹಾಕಿ."

"ಬಿಸಿ ಎಷ್ಟಿದೆ ಅಂತ ಹೇಗೆ ನೋಡ್ಲಿ? ಪರದೆ ಅಂಕಿ ತೋರಿಸ್ತಿಲ್ಲ."

"ಮೊಟ್ಟೆ ತೆಗೆದು ಮುಚ್ಚಿದ ರೆಪ್ಪೆಗೆ ಒತ್ತು. ಬೆಚ್ಚಗೆ ಹಿತವಾಗಿದ್ರೆ ಸರಿ. ಕಣ್ಣು ತೆಗೀಬೇಕು ಅನ್ಸಿದ್ರೆ ಬಿಸಿ ಜಾಸ್ತಿ. ಇನ್ನೂ ಒತ್ತಬೇಕು ಅನ್ಸಿದ್ರೆ ತಣ್ಣಗಾಗಿದೆ. ಯಂತ್ರ ಬರೋಕೆ ಮೊದಲು ನಾನು ಹಾಗೇ ನೋಡ್ತಿದ್ದೆ. ಈಗ ಫೋನಿಡು. ನಿನ್ನ ಕೆಲಸ ನೀನು ನೋಡು."

ಭಾವ ಬನಿಯನ್ನಿನಲ್ಲೇ ನಿಂತು ಗುಬ್ಬಿಯ ಕಾರ್ಖಾನೆಯಿಂದ ಬಂದ ರಟ್ಟಿನ ಮುಚ್ಚಳದಿಂದ ಬೀಸತೊಡಗಿದರು. ಒಲೆಯ ಮೇಲೆ ನೀರು ಕಾಯಿತು. ಗುಬ್ಬಿ ಮೇಲಿನ ತಟ್ಟೆಯ ಮೊಟ್ಟೆಯೊಂದನ್ನು ರೆಪ್ಪೆಗೆ ಒತ್ತಿದಳು. ಹಿತವಾಗಿದೆಯೇ? ಹೆಚ್ಚಾಯಿತೇ? ಅವಳ ರೆಪ್ಪೆಯೇ ಹೆದರಿ ಅದುರುತ್ತಿತ್ತು, ಏನೂ ತಿಳಿಯಲಿಲ್ಲ. ಭಾವನನ್ನು ಕರೆದು ಅವರ ರೆಪ್ಪೆಗೆ ಒತ್ತಿದಳು.

"ಬಿಸಿ ಅನ್ಸುತ್ತಪ್ಪ," ಎಂದರು ಭಾವ. ಇನ್ನೊಂದು ಕಣ್ಣಿಗೆ ಒತ್ತಿದಾಗ, "ತಣ್ಣಗಿದೆ," ಎಂದರು. ಇಬ್ಬರೂ ಮುಖ ಮುಖ ನೋಡಿಕೊಂಡರು. ಬೇರೆ ಹೊತ್ತಾಗಿದ್ದರೆ ನಗು ಬರುತ್ತಿತ್ತು.

ಹೀಗೆ ಒಂದಷ್ಟು ಹೊತ್ತು ಹೋಯಿತು. ಗುಬ್ಬಿ ಪರದೆಗೂ ಪೆಟ್ಟಿಗೆಗೂ ಓಡಾಡಿದಳು. ಫ್ಯಾನಿಗೆ ನೇರವಾಗಿ ಕರೆಂಟು ಕೊಡೋಣವೆಂದರೆ ತಂತಿಗಳೆಲ್ಲ ಮೊಹರು ಹಾಕಿದ ಒಂದು ಡಬ್ಬಿಯೊಳಗೆ ಹೊಕ್ಕಿದ್ದವು. ಅದನ್ನು ಒಡೆದು ಇದ್ದದ್ದನ್ನೂ ಸುಡುವ ಧೈರ್ಯ ಅವಳಿಗಿರಲಿಲ್ಲ. ತಾಯಿಕೋಳಿಯನ್ನು ಹೊಸದಾಗಿ ಬರೆಯಲು ಕೂತರೆ ಅಷ್ಟರಲ್ಲಿ ಮರಿಗಳ ಕಥೆ ಮುಗಿದಿರುತ್ತದೆ. ತನ್ನಂಥವಳನ್ನು ಅಕ್ಕ ಸಾಕಿದ್ದಕ್ಕೆ ಇದೇ ಪ್ರತಿಫಲ ಎಂದು ಅನಿಸಿತು.

ಭಾವ ತೋಳು ಬದಲಿಸಿ ಬೀಸುತ್ತಿದ್ದರು. ಕಥೆಯಿಲ್ಲ, ಮಾತಿಲ್ಲ. ಆ ಬಾಯಿ ಅಷ್ಟು ಹೊತ್ತು ಮುಚ್ಚಿರುವುದನ್ನು ನೋಡಿಯೇ ಗುಬ್ಬಿಗೆ ಇನ್ನಷ್ಟು ಭಯವಾಯಿತು. ಏನಾದರೂ ಹೇಳಲಿ ಎಂದು, "ನಿಮ್ಮ ಹಾಡಿನ ಪೆಟ್ಟಿಗೆ ಆದ್ರೂ ಹಾಕ್ಕೊಳ್ಳಿ ಭಾವ, ಇಲ್ಲಿಗೇ ಕೇಳುತ್ತೆ," ಎಂದಳು.

ಹೇಳಿದವಳು ಹಾಗೇ ನಿಂತುಬಿಟ್ಟಳು.

ಭಾವನ ಮಂಚದ ಪಕ್ಕದ ಹಾಡಿನ ಪೆಟ್ಟಿಗೆ ಎಂದರೆ ಇದೇ ಜಾತಿಯ ಇನ್ನೊಂದು ಕಂಪ್ಯೂಟರು. ಮೊದಲು ಕಾವುಪೆಟ್ಟಿಗೆ ನೋಡಿಕೊಳ್ಳುತ್ತಿದ್ದದ್ದು ಅದೇ. ಹೊಸದು ಬಂದ ಮೇಲೆ ಗುಬ್ಬಿ ಅದಕ್ಕೊಂದು ಸ್ಪೀಕರು ಸಿಕ್ಕಿಸಿ ಭಾವನ ಹಳೇ ಹಾಡುಗಳನ್ನು ತುಂಬಿಕೊಟ್ಟಿದ್ದಳು. ಆಗಾಗ ಅದು ಅಪ್‌ಡೇಟ್ ಮಾಡಲೇ ಎಂದು ಕೇಳುತ್ತಿತ್ತು. ಮಾಡಿ ಭಾವ, ಒಂದು ಸಲ ಹೂಂ ಅಂದ್ರೆ ಮುಗೀತು ಎಂದು ಬಂದಾಗಲೆಲ್ಲ ಗುಬ್ಬಿ ಗೋಗರೆಯುತ್ತಿದ್ದಳು.

"ಭಾವ, ನಿಮ್ಮ ಪೆಟ್ಟಿಗೆ ಅಪ್‌ಡೇಟ್ ಕೇಳ್ದಾಗ ನೀವು ಏನಂತೀರ?"

"ಬೇಡ ಅಂತೀನಿ."

"ಯಾವಾಗ್ಲೂ?"

"ಒಂದ್ಸಲಾನೂ ಹೂಂ ಅಂದಿಲ್ಲ. ಯಾರು ಕೇಳಿದ್ರೂ ಹೂಂ ಅನ್ನಕ್ಕೆ ನಾನೇನು ನೀನಾ?" ಎಂದವರು, ಅವಳ ಮುಖ ನೋಡಿ, "ತಮಾಷೆಗೆ ಅಂದೆ ಕಣೆ. ಈಗ ಯಾಕೆ ಕೇಳ್ತಿದ್ದೀಯ?" ಎಂದರು.

ಗುಬ್ಬಿ ಆಗಲೇ ಮುಂದಿನ ಕೋಣೆಗೆ ಓಡಿದ್ದಳು. ಧೂಳು ಹಿಡಿದ ಆ ಪೆಟ್ಟಿಗೆಯನ್ನು ತಂತಿಸಮೇತ ಕಿತ್ತು ತಂದು ಪರದೆಗೆ ಸಿಕ್ಕಿಸಿದಳು. ಅದು ಎಚ್ಚರವಾಗಲು ತೆಗೆದುಕೊಂಡ ಹೊತ್ತು ಅವಳ ಆಯುಷ್ಯದಲ್ಲಿ ಎಷ್ಟನ್ನು ತಿಂದಿತೋ. ಪ್ಯಾಕೇಜುಗಳನ್ನು ಇಳಿಸಿಡುವ ಜಾಗ ತೆರೆದು ನೋಡಿದಳು. ಯಾರೂ ಗುಡಿಸಿರಲಿಲ್ಲ. ಹಳೆಯ ಲೈಬ್ರರಿ ಇತ್ತು. ಅದರ ಎರಡು ಸಾಲು ಕೆಳಗೆ ತಾಯಿಕೋಳಿ, ಹಾಕಿಟ್ಟ ದಿನ ಹೇಗಿತ್ತೋ ಹಾಗೇ. ಗುಬ್ಬಿಗೆ ಅಳು ಉಕ್ಕಿತು. ಅಳಲು ಪುರುಸೊತ್ತಿರಲಿಲ್ಲ.

ಎರಡೂ ಕಡತಗಳನ್ನು ಮನೆಯ ವೈಫೈ ಮೇಲೆ ಕಾವುಪೆಟ್ಟಿಗೆಯ ಯಂತ್ರಕ್ಕೆ ತಂದು, ಪರದೆಯನ್ನು ಮತ್ತೆ ಅದಕ್ಕೇ ಸಿಕ್ಕಿಸಿದಳು. ಇವನ್ನು ಹಾಕು ಎಂದು ಉಗ್ರಾಣದವನಿಗೆ ಹೇಳಿದಳು. ಅವನು ಎಂದಿನ ಹಾಗೆ ಪಟ್ಟಿ ಇಳಿಸಿ, ಕೊನೆಯಲ್ಲಿ ಅದೇ ಪ್ರಶ್ನೆ ಕೇಳಿ ಕಾಯುತ್ತ ನಿಂತ.

ಗುಬ್ಬಿಯ ಕೈ ಎಂಟರ್ ಹತ್ತಿರ ಹೋಯಿತು. ಅದೇ ಬೆರಳು. ಅವಳು ಕೈ ಹಿಂದಕ್ಕೆ ತೆಗೆದು ಮಡಿಲಲ್ಲಿ ಮಡಚಿ ಇಟ್ಟುಕೊಂಡಳು.

"ಭಾವ, ನಾನೀಗ ಗಟ್ಟಿಯಾಗಿ ಓದ್ತೀನಿ. ಒಂದೊಂದು ಸಾಲಿಗೂ ನೀವು ಹೂಂ ಅನ್ಬೇಕು. ಅರ್ಥ ಆಗ್ದೇ ಇದ್ರೆ ಅನ್ಬೇಡಿ."

"ನಾನಾ?"

"ಇವತ್ತಿನ ಕಥೆ ನಂದು."

ಭಾವ ಬೀಸುವುದನ್ನು ನಿಲ್ಲಿಸದೆ ಈ ಕಡೆ ತಿರುಗಿದರು. ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು.

"ಲೈಬ್ರರಿ ಹೊಸದರಿಂದ ಹಳೇದಕ್ಕೆ ಇಳಿಯುತ್ತೆ."

"ಇಳಿದರೆ ಏನಾಗುತ್ತೆ?"

"ತಾಯಿಕೋಳಿಗೆ ಬೇಕಾಗಿರೋದು ಹಳೇದೇ."

"ಹೂಂ."

"ತಾಯಿಕೋಳಿ ವಾಪಸ್ ಬರುತ್ತೆ."

"ಹೂಂ."

"ನಾನು ಅಕ್ಕನಿಗೆ ಅಂತ ಹಾಕಿದ್ದ ಫೋನಿನ ಪುಟ ಹೋಗುತ್ತೆ. ಹೊಸ ಲೈಬ್ರರಿ ಇಲ್ದೆ ಅದು ನಿಲ್ಲಲ್ಲ."

ಭಾವ ಯೋಚಿಸಿದರು. "ಅದು ಹೋದ್ರೆ ಅವಳು ಮತ್ತೆ ಘಳಿಗೆಗೊಂದು ಫೋನು ಮಾಡ್ತಾಳೆ."

"ಮಾಡ್ತಾಳೆ."

"ಮಾಡ್ಲಿ. ಹೂಂ."

ಪಟ್ಟಿಯಲ್ಲಿ ಇನ್ನೇನೂ ಉಳಿದಿಲ್ಲ ಎಂದು ಗುಬ್ಬಿ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಬೆರಳಿಟ್ಟು ನೋಡಿದಳು. ಆಮೇಲೆ ಒತ್ತಿದಳು.

ಸಾಲುಗಳು ಓಡಿದವು. ಒಂದು ಕಡೆ ನಿಂತವು. ಹಳೆಯ ಸೆಟ್ಟಿಂಗುಗಳ ಕಡತ ಮೊದಲೇ ಇದೆ, ಅದನ್ನೇ ಇಟ್ಟುಕೊಳ್ಳಲೇ ಎಂದು ಕೇಳಿತು. ಗುಬ್ಬಿಗೆ ಆಗ ನೆನಪಾಯಿತು, ಪ್ಯಾಕೇಜನ್ನು ತೆಗೆದುಹಾಕುವುದು ಬೇರೆ, ಬೇರುಸಮೇತ ಕಿತ್ತುಹಾಕುವುದು ಬೇರೆ. ತೆಗೆದುಹಾಕಿದಾಗ ಸೆಟ್ಟಿಂಗು ಹಿಂದೆ ಉಳಿಯುತ್ತದೆ. ಈ ತಳಿಗೆ ಬಿಸಿ ಒಂದು ಎಳೆ ಕಡಿಮೆ ಇರಲಿ, ತೇವ ಒಂದು ಎಳೆ ಹೆಚ್ಚಿರಲಿ ಎಂದು ಅಕ್ಕ ವರ್ಷ ವರ್ಷ ತಿದ್ದಿದ ಅಂಕಿಗಳೆಲ್ಲ ಅಲ್ಲೇ ಇದ್ದವು. ಇಟ್ಟುಕೋ ಎಂದು ಅಕ್ಷರ ಅಕ್ಷರವಾಗಿ ಒತ್ತಿದಳು.

ಪೆಟ್ಟಿಗೆಯೊಳಗೆ ಏನೋ ಟಕ್ ಎಂದಿತು. ಫ್ಯಾನು ಒಮ್ಮೆ ನಡುಗಿ, ತಿರುಗಿ, ಗುಂಯ್ ಎಂದು ಹಿಡಿದುಕೊಂಡಿತು. ಭಾವ ರಟ್ಟನ್ನು ಕೆಳಗೆ ಹಾಕಿ ನೆಲದ ಮೇಲೇ ಕೂತರು. ಪರದೆಯಲ್ಲಿ ಬಿಸಿಯ ಅಂಕಿ ಕಾಣಿಸಿತು. ಇರಬೇಕಾದ್ದಕ್ಕಿಂತ ತುಂಬ ಕೆಳಗಿತ್ತು. ಎಷ್ಟು ಹೊತ್ತಿನಿಂದ ಹಾಗಿತ್ತು ಎಂದು ಹೇಳಬಲ್ಲವರು ಅಲ್ಲಿ ಯಾರೂ ಇರಲಿಲ್ಲ.

ಪ್ಯಾಕೇಜ್ ಮ್ಯಾನೇಜರಿನಲ್ಲಿ ಒಂದು ಆಜ್ಞೆಯಿದೆ. ಇಂಥ ಪ್ಯಾಕೇಜಿಗೆ ಏನೇ ಹೊಸದು ಬಂದರೂ ಇದನ್ನು ಮುಟ್ಟಬೇಡ ಎಂದು ಗುರುತು ಹಾಕಿಡುವ ಆಜ್ಞೆ. ಗುಬ್ಬಿ ತಾಯಿಕೋಳಿಗೂ ಆ ಲೈಬ್ರರಿಗೂ ಆ ಗುರುತು ಹಾಕಿದಳು. ಅಕ್ಕ ಬಾಗಿಲಲ್ಲಿ ನಿಂತು ಹೇಳಿದ್ದೂ ಇದೇ ಮಾತು.

ಫೋನು ಮಾಡಿದಾಗ ಅಕ್ಕ ಹೇಳಿದ್ದು, "ಹತ್ತಿರ ಹಿಡಿ," ಎಂದಷ್ಟೇ. ಗುಬ್ಬಿ ಫೋನನ್ನು ಪೆಟ್ಟಿಗೆಗೆ ಹಿಡಿದಳು. ಅಕ್ಕ ಬಹಳ ಹೊತ್ತು ಕೇಳಿದಳು. ಮರಿಗಳು ಬದುಕಿವೆಯೇ ಎಂದು ಅವಳು ಕೇಳಲಿಲ್ಲ, ಇವಳು ಹೇಳಲಿಲ್ಲ.

ಆಮೇಲಿನ ದಿನಗಳಲ್ಲಿ ಗುಬ್ಬಿ ಸರಿಯಾಗಿ ಉಣ್ಣಲಿಲ್ಲ. ಬ್ಯಾಟರಿ ಹಿಡಿದು ಮೊಟ್ಟೆಗಳನ್ನು ಬೆಳಕಿಗೆ ನೋಡಿದಳು. ಈ ಹೊತ್ತಿಗೆ ಒಳಗೆಲ್ಲ ಕಪ್ಪಾಗಿ ಮರಿ ತುಂಬಿರುತ್ತದೆ, ಮೇಲಿನ ಗಾಳಿಯ ಜಾಗದ ಅಂಚಿನಲ್ಲಿ ಮಾತ್ರ ಏನಾದರೂ ಮಿಸುಕಿದರೆ ಕಾಣುತ್ತದೆ. ಒಂದು ಮಿಸುಕಿದ ಹಾಗಾಗುತ್ತಿತ್ತು. ತನ್ನ ಕೈಯೇ ನಡುಗಿತೋ ಎಂದು ಮತ್ತೆ ನೋಡಿದರೆ ಏನೂ ಇಲ್ಲ. ಭಾವ ಎರಡು ಸಲ ಬಾಗಿಲ ಹತ್ತಿರ ಬಂದು, ಹೇಗಿದೆ ಎಂದು ಕಣ್ಣಲ್ಲೇ ಕೇಳಿ, ಕಥೆ ಹೇಳದೆ ಹಿಂದಿರುಗಿದರು. ಲಾರಿ ಇನ್ನೂ ಆ ತಿರುವಿನಲ್ಲೇ ನಿಂತಿತ್ತು.

ಮೊಟ್ಟೆ ಒಡೆಯಲು ಇನ್ನೊಂದು ದಿನವಿದೆ ಎನ್ನುವಾಗ ಅಕ್ಕ ಬಂದಳು. ಕರೀ ಕನ್ನಡಕ, ಅದರ ಹಿಂದೆ ಒಂದು ಕಣ್ಣಿಗೆ ಪ್ಲಾಸ್ಟಿಕ್ಕಿನ ತಡೆ. ಆಟೊದಿಂದ ಇಳಿದವಳು ಗುಬ್ಬಿಯ ಕಡೆ ನೋಡಲಿಲ್ಲ. ಚೀಲವನ್ನು ಭಾವನ ಕೈಗೆ ಕೊಟ್ಟು, ಕೈ ತೊಳೆದು, ಸೀದಾ ಹಿಂದಿನ ಕೋಣೆಗೆ ಹೋದಳು. ಬಗ್ಗುವ ಹಾಗಿಲ್ಲವಾದ್ದರಿಂದ ಗುಬ್ಬಿ ಒಂದು ತಟ್ಟೆಯನ್ನು ಎತ್ತಿ ಅವಳ ಎದೆಯ ಮಟ್ಟಕ್ಕೆ ಹಿಡಿದು ನಿಂತಳು.

ಅಕ್ಕ ಒಂದು ಮೊಟ್ಟೆ ತೆಗೆದುಕೊಂಡು, ಕನ್ನಡಕ ಸರಿಸಿ, ಒಳ್ಳೆಯ ಕಣ್ಣಿನ ರೆಪ್ಪೆಗೆ ಒತ್ತಿದಳು. ಆಮೇಲೆ ಕಿವಿಗೆ ಹಿಡಿದು, ಗಂಟಲಿನೊಳಗೇ ಕೊಕ್ ಕೊಕ್ ಎಂದು ಮೆಲ್ಲಗೆ ಕರೆದಳು. ಹೇಂಟೆ ಕರೆಯುವುದೇ ಹಾಗೆ. ಬದುಕಿದ ಮರಿಯಾದರೆ ಈ ಹೊತ್ತಿಗೆ ಚಿಪ್ಪಿನೊಳಗಿನಿಂದಲೇ ಓಗೊಡುತ್ತದೆ. ಅಕ್ಕ ಕೇಳಿದಳು. ಮೊಟ್ಟೆಯನ್ನು ಮೆಲ್ಲಗೆ ಪಕ್ಕದ ಬುಟ್ಟಿಗೆ ಇಟ್ಟಳು.

ಇನ್ನೊಂದನ್ನು ತೆಗೆದಳು. ಕರೆದಳು. ಅದೂ ಬುಟ್ಟಿಗೆ ಹೋಯಿತು. ಆಮೇಲಿನದೂ. ತಟ್ಟೆ ಹಿಡಿದ ಗುಬ್ಬಿ ಬುಟ್ಟಿಯ ಕಡೆ ಬಗ್ಗಿ ನೋಡಿದಾಗ ಮೊಟ್ಟೆಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಅಲುಗಿಸಬೇಡ ಎಂದು ಅಕ್ಕ ಮೊಣಕೈಯಿಂದಲೇ ಅವಳ ತೋಳನ್ನು ತಡೆದು ನಿಲ್ಲಿಸಿದಳು. ಬಾಗಿಲಲ್ಲಿ ಭಾವ ಚೀಲ ಹಿಡಿದುಕೊಂಡೇ ನಿಂತಿದ್ದರು.

ಮತ್ತೊಂದು ಮೊಟ್ಟೆಗೆ ಅಕ್ಕ ಕೊಕ್ ಎಂದಳು. ನಿಂತಳು. ಇನ್ನೊಮ್ಮೆ ಎಂದಳು. ಆ ಮೊಟ್ಟೆಯನ್ನು ಅವಳು ಬುಟ್ಟಿಗೆ ಹಾಕಲಿಲ್ಲ, ತಟ್ಟೆಗೂ ಇಡಲಿಲ್ಲ. ಕೈ ಚಾಚಿ ಗುಬ್ಬಿಯ ಕಿವಿಗೆ ಹಿಡಿದಳು.

"ನಾನು ಕರೆದೆ," ಎಂದಳು. "ಏನಂತಿದೆ ನೀನೇ ಕೇಳು."

ಚಿಪ್ಪು ಬೆಚ್ಚಗಿತ್ತು. ಮೊದಲು ಗುಬ್ಬಿಗೆ ತನ್ನ ಎದೆಯ ಬಡಿತವಷ್ಟೇ ಕೇಳಿಸಿತು. ಆಮೇಲೆ ಅದರ ಹಿಂದಿನಿಂದ, ಬಹಳ ಒಳಗಿನಿಂದ, ಕೀಂ ಎಂದು ಒಂದು ಸಣ್ಣ ಸ್ವರ ಬಂತು. ತಟ್ಟೆಯಲ್ಲಿದ್ದ ಇನ್ನೊಂದು ಮೊಟ್ಟೆ ಅದನ್ನು ಕೇಳಿಸಿಕೊಂಡು ಕೀಂ ಎಂದಿತು, ಮತ್ತೊಂದು ಮೂಲೆಯಿಂದ ಇನ್ನೊಂದು.

"ಹೂಂ ಅಂತಿವೆಯಾ?" ಎಂದು ಬಾಗಿಲಿನಿಂದ ಭಾವ ಕೇಳಿದರು.

ಗುಬ್ಬಿ ಈ ಸಲ ಹೂಂ ಅನ್ನಲಿಲ್ಲ. ಚಿಪ್ಪಿಗೆ ಕಿವಿ ಒತ್ತಿ ಕೇಳಿಸಿಕೊಳ್ಳುತ್ತ ನಿಂತಳು.